ಕ್ರಿಶ್ಚಿಯನ್ ಡಾಪ್ಲರ್

ಇಂದಿನ ಆಸ್ಟ್ರಿಯಾ ದೇಶದಲ್ಲಿರುವ ಸಾಲ್ಟ್ಸ್‌ಬರ್ಗ್ ನಗರವು ಸಂಗೀತಗಾರ ಮೊಜಾರ್ಟನ ಜನ್ಮಸ್ಥಳವೆಂದು ಜಗತ್ಪ್ರಸಿದ್ಧವಾಗಿದೆ. ಮೊಜಾರ್ಟನು ಕಾಲವಾದ ಹನ್ನೆರಡು ವರ್ಷಗಳ ತರುವಾಯ, 1803ನೆಯ ಇಸವಿ ನವೆಂಬರ್ 29ರಂದು, ಅದೇ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರನು ಜನಿಸಿದನು. ಮೊಜಾರ್ಟನು ಸ್ವರಗಳನ್ನು ಹೆಣೆದು ಕೇಳುಗರ ಮನಸ್ಸನ್ನು ಸೂರೆಗೊಂಡನು; ಡಾಪ್ಲರನು ಚಲನೆಯಿಂದ ಸ್ವರವು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಗಣಿತದ ಮೂಲಕ ತಿಳಿಸಿದನು. ಆತನು ಕಂಡ ತತ್ತ್ವವು ಇಂದು ನಕ್ಷತ್ರಗಳ ವೇಗವನ್ನು ಅಳೆಯುತ್ತಿದೆ. ಮಧುಮೇಹ ಪೀಡಿತರ ಕಣ್ಣಿನ ಹಿಂದೆ ಹರಿಯುವ ರಕ್ತದ ವೇಗವನ್ನೂ ಅಳೆಯುತ್ತಿದೆ. ಆದರೆ ಈ ಯಾವ ಫಲವನ್ನೂ ನೋಡುವ ಭಾಗ್ಯ ಆತನಿಗೆ ಇರಲಿಲ್ಲ.

ಡಾಪ್ಲರನ ಮನೆತನದವರು 1674ರಿಂದ ಸಾಲ್ಟ್ಸ್‌ಬರ್ಗಿನಲ್ಲಿ ಕಲ್ಲುಕೆಲಸದಲ್ಲಿ ಹೆಸರಾದವರು. ಕಲ್ಲನ್ನು ಕಡಿದು, ಕೆತ್ತಿ, ಕಟ್ಟಡಗಳಿಗೆ ಒದಗಿಸುವ ಆ ಕಸುಬಿನಿಂದ ಅವರು ಅನುಕೂಲವಂತರಾಗಿದ್ದರು. ಹಿರಿಯರ ಉದ್ಯೋಗವನ್ನು ಮಗನೂ ಮುಂದುವರಿಸುವುದು ಅಂದಿನ ವಾಡಿಕೆ. ಆದರೆ ಕ್ರಿಶ್ಚಿಯನ್ ಹುಟ್ಟಿನಿಂದಲೇ ದುರ್ಬಲ ಶರೀರದವನು. ಸುತ್ತಿಗೆಯನ್ನೆತ್ತಿ ಕಲ್ಲನ್ನು ಒಡೆಯುವ ಶಕ್ತಿ ಆ ತೋಳುಗಳಿಗೆ ಇರಲಿಲ್ಲ. ಹುಡುಗನ ಭವಿಷ್ಯವೇನೆಂಬ ಚಿಂತೆ ತಂದೆಯನ್ನು ಕಾಡಿತು. ಆಗ ಸಿಮೋನ್ ಸ್ಟಾಂಪ್ಫರ್ ಎಂಬ ಪ್ರಾಧ್ಯಾಪಕನು ಈ ಬಾಲಕನ ಗಣಿತದ ಪ್ರತಿಭೆಯನ್ನು ಗುರುತಿಸಿ, ಅವನನ್ನು ವಿಯೆನ್ನಾ ನಗರದ ಪಾಲಿಟೆಕ್ನಿಕ್ ಸಂಸ್ಥೆಗೆ ಕಳುಹಿಸುವಂತೆ ಸಲಹೆಯಿತ್ತನು. ಹೀಗೆ 1822ರಲ್ಲಿ ಡಾಪ್ಲರನ ವಿದ್ಯಾಯಾತ್ರೆಯು ಆರಂಭವಾಯಿತು. ಅಲ್ಲಿನ ವ್ಯಾಸಂಗ ಮುಗಿದ ಮೇಲೆ ಆತನು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಉಚ್ಚ ಗಣಿತ, ಯಂತ್ರಶಾಸ್ತ್ರ ಮತ್ತು ಖಗೋಳಶಾಸ್ತ್ರಗಳನ್ನು ಅಭ್ಯಾಸ ಮಾಡಿದನು.

ವಿದ್ಯೆ ಸಿದ್ಧಿಸಿದರೂ ಉದ್ಯೋಗ ಸುಲಭವಾಗಿ ದೊರೆಯಲಿಲ್ಲ. 1829ರಲ್ಲಿ ವಿಯೆನ್ನಾದ ಪಾಲಿಟೆಕ್ನಿಕ್ಕಿನಲ್ಲಿ ಗಣಿತದ ಪ್ರಾಧ್ಯಾಪಕನಿಗೆ ಸಹಾಯಕನಾಗಿ ನಾಲ್ಕು ವರ್ಷ ದುಡಿದನು. ಅದು ತಾತ್ಕಾಲಿಕ ಹುದ್ದೆ. ಅವಧಿ ಮುಗಿದೊಡನೆ ಹೊಟ್ಟೆಪಾಡಿನ ಪ್ರಶ್ನೆ ಎದುರಾಯಿತು. ಒಂದಾದ ಮೇಲೊಂದರಂತೆ ಅರ್ಜಿಗಳನ್ನು ಹಾಕಿದರೂ ಅಧ್ಯಾಪಕನ ಕೆಲಸ ಕೈಗೆ ಬರಲಿಲ್ಲ. ನಕ್ಷತ್ರಗಳ ಗತಿಯನ್ನು ಲೆಕ್ಕ ಹಾಕಬಲ್ಲ ತರುಣನು ಕಡೆಗೆ ಹತ್ತಿಯ ನೂಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನಾದನು. ಬೇಸತ್ತು ಅಮೆರಿಕಕ್ಕೆ ವಲಸೆ ಹೋಗುವ ನಿರ್ಧಾರವನ್ನೂ ಮಾಡಿ, ತನ್ನ ಸಾಮಾನುಗಳನ್ನು ಮಾರತೊಡಗಿದನು. ಆ ಹೊತ್ತಿಗೆ, 1835ರಲ್ಲಿ, ಪ್ರಾಗ್ ನಗರದ ಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕನ ಹುದ್ದೆ ದೊರೆಯಿತು. ಅಮೆರಿಕದ ಪ್ರಯಾಣ ನಿಂತಿತು. ಮರುವರ್ಷ ತನ್ನ ಊರಿನ ಅಕ್ಕಸಾಲಿಗನೊಬ್ಬನ ಮಗಳಾದ ಮಟಿಲ್ಡಾಳನ್ನು ಮದುವೆಯಾದನು. ಈ ದಂಪತಿಗಳಿಗೆ ಐವರು ಮಕ್ಕಳಾದರು. 1841ರಲ್ಲಿ ಡಾಪ್ಲರನು ಪ್ರಾಗ್ ಪಾಲಿಟೆಕ್ನಿಕ್ಕಿನ ಪೂರ್ಣ ಪ್ರಾಧ್ಯಾಪಕನಾದನು.

1842ನೆಯ ಇಸವಿ ಮೇ 25ರಂದು ಪ್ರಾಗ್ ನಗರದಲ್ಲಿ ಬೊಹಿಮಿಯಾದ ರಾಜಕೀಯ ವಿಜ್ಞಾನ ಸಂಘದ, ಎಂದರೆ ಅರಸೊತ್ತಿಗೆಯ ಮನ್ನಣೆ ಪಡೆದ ವಿದ್ವತ್ಸಂಘದ, ಸಭೆಯೊಂದು ನಡೆಯಿತು. ಸಭಿಕರು ಬೆರಳೆಣಿಕೆಯಷ್ಟು ಮಂದಿ. ಅವರ ಮುಂದೆ ಡಾಪ್ಲರನು ಯಮಳ ನಕ್ಷತ್ರಗಳ ಬಣ್ಣವನ್ನು ಕುರಿತ ತನ್ನ ಪ್ರಬಂಧವನ್ನು ಓದಿದನು. ಆತನ ವಾದದ ತಿರುಳು ಬಹು ಸರಳವಾದುದು. ಸಮುದ್ರದಲ್ಲಿ ಲಂಗರು ಹಾಕಿ ನಿಂತ ದೋಣಿಗೆ ಅಲೆಗಳು ಒಂದು ನಿಯತ ಕ್ರಮದಲ್ಲಿ ಬಡಿಯುತ್ತವೆ. ದೋಣಿಯು ಅಲೆಗಳಿಗೆ ಎದುರಾಗಿ ಸಾಗಿದರೆ ಅದೇ ಸಮಯದಲ್ಲಿ ಹೆಚ್ಚು ಅಲೆಗಳು ಅದಕ್ಕೆ ತಾಗುತ್ತವೆ. ಅಲೆಗಳು ಸಾಗುವ ದಿಕ್ಕಿನಲ್ಲಿಯೇ ದೋಣಿಯೂ ಸಾಗಿದರೆ ಕಡಿಮೆ ಅಲೆಗಳು ತಾಗುತ್ತವೆ. ಶಬ್ದವೂ ಅಲೆಗಳ ರೂಪದಲ್ಲಿ ಹರಡುತ್ತದೆ. ಆದುದರಿಂದ ಶಬ್ದ ಮಾಡುವ ವಸ್ತುವು ನಮ್ಮತ್ತ ಧಾವಿಸಿದಾಗ ಒಂದು ಸೆಕೆಂಡಿನಲ್ಲಿ ನಮ್ಮ ಕಿವಿಯನ್ನು ಮುಟ್ಟುವ ಅಲೆಗಳ ಸಂಖ್ಯೆ ಹೆಚ್ಚುತ್ತದೆ, ಸ್ವರವು ಏರಿದಂತೆ ಕೇಳುತ್ತದೆ. ಆ ವಸ್ತುವು ನಮ್ಮಿಂದ ದೂರ ಸರಿದಾಗ ಸ್ವರವು ಇಳಿದಂತೆ ಕೇಳುತ್ತದೆ. ಸೆಕೆಂಡಿಗೆ ಬರುವ ಅಲೆಗಳ ಈ ಸಂಖ್ಯೆಗೆ ಆವೃತ್ತಿ ಎಂದು ಹೆಸರು. ಆವೃತ್ತಿ ಎಷ್ಟು ಬದಲಾಯಿತೆಂದು ತಿಳಿದರೆ ವಸ್ತುವಿನ ವೇಗ ಎಷ್ಟೆಂದು ಹೇಳಬಹುದು. ಡಾಪ್ಲರನ ಹಿರಿಮೆಯು ಈ ಸಂಬಂಧವನ್ನು ಒಂದು ಸಣ್ಣ ಸೂತ್ರದಲ್ಲಿ ಹಿಡಿದಿಟ್ಟದ್ದರಲ್ಲಿದೆ.

ಬೆಳಕೂ ಅಲೆಗಳಾಗಿ ಸಾಗುವುದರಿಂದ ಈ ಸೂತ್ರವು ಅದಕ್ಕೂ ಅನ್ವಯಿಸಬೇಕೆಂದು ಡಾಪ್ಲರನು ತರ್ಕಿಸಿದನು. ಇಲ್ಲಿ ಆತನ ತತ್ತ್ವವು ನಿಜವಾದರೂ ಅದರಿಂದ ತೆಗೆದ ನಿರ್ಣಯವು ತಪ್ಪಾಯಿತು. ಎಲ್ಲ ನಕ್ಷತ್ರಗಳೂ ಸಹಜವಾಗಿ ಬಿಳಿಯ ಬೆಳಕನ್ನೇ ಬೀರುತ್ತವೆ, ನಮ್ಮತ್ತ ಬರುವವು ನೀಲಿಯಾಗಿಯೂ ನಮ್ಮಿಂದ ದೂರ ಹೋಗುವವು ಕೆಂಪಾಗಿಯೂ ಕಾಣುತ್ತವೆ ಎಂದು ಆತನು ಭಾವಿಸಿದನು. ನಕ್ಷತ್ರಗಳ ಬಣ್ಣಕ್ಕೆ ಮುಖ್ಯ ಕಾರಣ ಅವುಗಳ ಉಷ್ಣತೆಯೆಂದು ನಮಗೆ ಇಂದು ತಿಳಿದಿದೆ. ಅವುಗಳ ಚಲನೆಯಿಂದ ಉಂಟಾಗುವ ವ್ಯತ್ಯಾಸವು ಬರಿಗಣ್ಣಿಗೆ ಕಾಣದಷ್ಟು ಅಲ್ಪವಾದುದು.

ಡಾಪ್ಲರನ ಹೇಳಿಕೆಯನ್ನು ಪರೀಕ್ಷಿಸಲು ಮುಂದಾದವನು ಹಾಲೆಂಡಿನ ವಿಜ್ಞಾನಿ ಬೈಸ್ ಬ್ಯಾಲಟ್. ಗಾಳಿಯ ದಿಕ್ಕನ್ನು ಕುರಿತ ನಿಯಮದಿಂದ ಭೂಗೋಳದ ವಿದ್ಯಾರ್ಥಿಗಳಿಗೆ ಪರಿಚಿತನಾದವನು ಇವನೇ. 1845ರಲ್ಲಿ ಉಟ್ರೆಕ್ಟ್ ಮತ್ತು ಆಂಸ್ಟರ್‌ಡಾಂ ನಗರಗಳ ನಡುವಣ ಹೊಸ ರೈಲುಮಾರ್ಗವು ಅವನ ಪ್ರಯೋಗಶಾಲೆಯಾಯಿತು. ಓಡುವ ರೈಲಿನಲ್ಲಿ ಕಹಳೆಯೂದುವವರನ್ನು ನಿಲ್ಲಿಸಿ, ಸ್ವರಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಪಕ್ಕದಲ್ಲಿರಿಸಿ ಆಲಿಸುವಂತೆ ಏರ್ಪಡಿಸಿದನು. ಫೆಬ್ರವರಿಯ ಮೊದಲ ಯತ್ನವು ಕೆಟ್ಟ ಹವೆಯಿಂದ ಕೈಗೂಡಲಿಲ್ಲ. ಜೂನ್ ತಿಂಗಳಲ್ಲಿ ಪ್ರಯೋಗವು ಸಫಲವಾಯಿತು. ರೈಲು ಹತ್ತಿರ ಬರುವಾಗ ಕಹಳೆಯ ಸ್ವರವು ಏರಿಯೂ ದೂರ ಹೋಗುವಾಗ ಇಳಿದೂ ಕೇಳಿಸಿತು. ಶಬ್ದದ ಮಟ್ಟಿಗೆ ಡಾಪ್ಲರನ ಸೂತ್ರವು ಸತ್ಯವೆಂದು ಬೈಸ್ ಬ್ಯಾಲಟನು ಒಪ್ಪಿಕೊಂಡನು. ನಕ್ಷತ್ರಗಳ ಬಣ್ಣದ ವಿವರಣೆಯನ್ನು ಮಾತ್ರ ಒಪ್ಪಲಿಲ್ಲ. ಎರಡು ವಿಷಯದಲ್ಲಿಯೂ ಅವನ ತೀರ್ಪು ನ್ಯಾಯವಾದುದೇ ಆಗಿತ್ತು.

ಪ್ರಾಗ್ ನಗರದಲ್ಲಿ ಡಾಪ್ಲರನ ದೇಹಸ್ಥಿತಿಯು ದಿನೇ ದಿನೇ ಹದಗೆಟ್ಟಿತು. ನೂರಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಬಾಯಿಪರೀಕ್ಷೆ ಮಾಡುವ ಹೊಣೆ ಆತನ ಮೇಲಿತ್ತು. ಗಂಟೆಗಟ್ಟಲೆ ಮಾತನಾಡಬೇಕಾದ ಈ ಕೆಲಸವು ಮೊದಲೇ ನಿಶ್ಶಕ್ತನಾದವನನ್ನು ಹಣ್ಣುಮಾಡಿತು. ಸಾಲದುದಕ್ಕೆ, ಪರೀಕ್ಷೆಯಲ್ಲಿ ವಿಪರೀತ ಬಿಗಿಯೆಂಬ ದೂರೂ ಬಂದಿತು. ದೀರ್ಘಕಾಲದ ರಜೆಯ ಮೇಲೆ ಹೋಗಬೇಕಾಯಿತು. 1847ರಲ್ಲಿ ಆತನು ಗಣಿಗಾರಿಕೆಯ ವಿದ್ಯಾಲಯಕ್ಕೆ ಹೆಸರಾದ ಷೆಮ್ನಿಟ್ಸ್ ಪಟ್ಟಣಕ್ಕೆ ತೆರಳಿದನು. ಇಂದಿನ ಸ್ಲೊವಾಕಿಯಾ ದೇಶದಲ್ಲಿರುವ ಆ ಊರಿನಲ್ಲಿಯೂ ನೆಮ್ಮದಿ ದೊರೆಯಲಿಲ್ಲ. 1848ರ ಕ್ರಾಂತಿಯು ಆ ಸೀಮೆಯನ್ನೆಲ್ಲ ಅಲ್ಲೋಲಕಲ್ಲೋಲಗೊಳಿಸಿತು. ಆತನು ವಿಯೆನ್ನಾಕ್ಕೆ ಮರಳಿದನು. 1850ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸ್ಥಾಪನೆಯಾದ ಭೌತವಿಜ್ಞಾನ ಸಂಸ್ಥೆಗೆ ಚಕ್ರವರ್ತಿಯು ಡಾಪ್ಲರನನ್ನೇ ಮೊದಲ ನಿರ್ದೇಶಕನನ್ನಾಗಿ ನೇಮಿಸಿದನು. ಅನುವಂಶೀಯತೆಯ ನಿಯಮಗಳನ್ನು ಮುಂದೆ ಕಂಡುಹಿಡಿದ ಗ್ರೆಗೋರ್ ಮೆಂಡೆಲ್ ಅಲ್ಲಿ ಆತನ ವಿದ್ಯಾರ್ಥಿಯಾಗಿದ್ದನು.

ಈ ಗೌರವದ ಕಾಲದಲ್ಲಿಯೇ ಇನ್ನೊಂದು ಪೆಟ್ಟು ಬಿದ್ದಿತು. 1852ರಲ್ಲಿ ಗಣಿತಜ್ಞ ಪೆಟ್ಸ್‌ವಾಲನು ವಿಯೆನ್ನಾದ ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಡಾಪ್ಲರನ ತತ್ತ್ವವನ್ನು ಬಹಿರಂಗವಾಗಿ ಖಂಡಿಸಿದನು. ಜಟಿಲವಾದ ಸಮೀಕರಣಗಳಿಲ್ಲದೆ, ಕೆಲವೇ ಸಾಲುಗಳ ಬೀಜಗಣಿತದಿಂದ ನಿಸರ್ಗದ ದೊಡ್ಡ ಸತ್ಯವೊಂದು ದೊರೆಯಬಲ್ಲುದೆಂಬುದನ್ನು ಅವನು ಒಪ್ಪಲಾರದೆ ಹೋದನು. ಡಾಪ್ಲರನು ತನ್ನ ಪಕ್ಷವನ್ನು ಸಮರ್ಥಿಸಿಕೊಂಡನು. ಆದರೆ ಪುಪ್ಪುಸದ ರೋಗವು ಆ ವೇಳೆಗೆ ಆತನನ್ನು ಹಾಸಿಗೆ ಹಿಡಿಸುವ ಸ್ಥಿತಿಗೆ ತಂದಿತ್ತು. ಬೆಚ್ಚಗಿನ ಹವೆಯಿಂದ ಗುಣವಾಗಬಹುದೆಂಬ ಆಸೆಯಿಂದ ಅದೇ ವರ್ಷ ನವೆಂಬರಿನಲ್ಲಿ ವೆನಿಸ್ ನಗರಕ್ಕೆ ಹೋದನು. ಆಸೆ ಫಲಿಸಲಿಲ್ಲ. 1853ನೆಯ ಇಸವಿ ಮಾರ್ಚ್ 17ರಂದು, ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಆತನು ಅಲ್ಲಿಯೇ ಕೊನೆಯುಸಿರೆಳೆದನು.

ಆತನ ತತ್ತ್ವವು ಮಾತ್ರ ಉಳಿಯಿತು. ಬೆಳಕಿಗೂ ಅದು ಅನ್ವಯಿಸುವ ಸರಿಯಾದ ರೀತಿಯನ್ನು ಫ್ರಾನ್ಸಿನ ಫಿಜೋ 1848ರಲ್ಲಿಯೇ ಸ್ವತಂತ್ರವಾಗಿ ವಿವರಿಸಿದ್ದನು. ಇಂಗ್ಲೆಂಡಿನ ಹಗಿನ್ಸನು 1868ರಲ್ಲಿ ಲುಬ್ಧಕ ನಕ್ಷತ್ರದ ರೋಹಿತದ ಗೆರೆಗಳು ಪಕ್ಕಕ್ಕೆ ಸರಿದಿರುವುದನ್ನು ನೋಡಿ ಅದರ ವೇಗವನ್ನು ಅಳೆಯಲೆತ್ನಿಸಿದನು. ಅಲ್ಲಿಂದ ಮುಂದೆ ಈ ತತ್ತ್ವವು ಖಗೋಳಶಾಸ್ತ್ರದ ದಿನಬಳಕೆಯ ಸಾಧನವಾಯಿತು. ಆಕಾಶದಲ್ಲಿ ಚಲಿಸುವುದನ್ನು ಅಳೆಯಬಹುದಾದರೆ ಶರೀರದೊಳಗೆ ಚಲಿಸುವುದನ್ನೂ ಅಳೆಯಬಹುದಲ್ಲವೆ? ಜಪಾನಿನ ಒಸಾಕಾ ನಗರದ ಸತೊಮುರಾ 1957ರಲ್ಲಿ ಇದನ್ನು ಮಾಡಿ ತೋರಿಸಿದನು. ಮನುಷ್ಯನ ಕಿವಿಗೆ ಕೇಳದಷ್ಟು ಹೆಚ್ಚು ಆವೃತ್ತಿಯ ಶ್ರವಣಾತೀತ ಧ್ವನಿಯನ್ನು ದೇಹದೊಳಕ್ಕೆ ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯ ಆವೃತ್ತಿಯಲ್ಲಾದ ವ್ಯತ್ಯಾಸದಿಂದ ಹೃದಯದ ಚಲನೆಯನ್ನು ಅರಿತನು. ಅನತಿಕಾಲದಲ್ಲಿಯೇ ರಕ್ತದ ಹರಿವನ್ನು ಅರಿಯಲೂ ಈ ಉಪಾಯವು ಬಳಕೆಗೆ ಬಂದಿತು. 1980ರ ದಶಕದಲ್ಲಿ ಹರಿವನ್ನು ಬಣ್ಣಗಳಲ್ಲಿ ತೋರಿಸುವ ಯಂತ್ರಗಳು ಬಂದವು. ಆ ದಶಕದ ಕೊನೆಯ ವೇಳೆಗೆ ವೈದ್ಯರು ಅವುಗಳಿಂದ ಕಣ್ಣಿನ ಹಿಂದಿನ ಕೂದಲೆಳೆಯಂಥ ರಕ್ತನಾಳಗಳನ್ನು ಪರೀಕ್ಷಿಸತೊಡಗಿದರು.

ಕಣ್ಣಿನ ರಕ್ತಸಂಚಾರವನ್ನು ಅಷ್ಟು ಸೂಕ್ಷ್ಮವಾಗಿ ಏಕೆ ಪರೀಕ್ಷಿಸಬೇಕು? ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲವೆಂಬ ತೆಳುಪೊರೆಯ ಮೇಲೆ ಹೊರಗಿನ ವಸ್ತುಗಳ ಬಿಂಬವು ಮೂಡುತ್ತದೆ. ಈ ಪೊರೆಗೆ ಆಮ್ಲಜನಕದ ಅಗತ್ಯ ಬಹಳ ಹೆಚ್ಚು. ದೃಷ್ಟಿನರದ ನಡುವೆ ನುಸುಳಿ ಬರುವ ಒಂದು ಸಣ್ಣ ಅಪಧಮನಿಯು ಕವಲೊಡೆದು ಇದರ ಒಳಪದರಗಳನ್ನು ಪೋಷಿಸುತ್ತದೆ. ಮಧುಮೇಹವು ಹಲವು ವರ್ಷ ಹತೋಟಿಯಲ್ಲಿಲ್ಲದಿದ್ದರೆ ರಕ್ತದಲ್ಲಿ ಮಿತಿಮೀರಿದ ಸಕ್ಕರೆಯು ಇಲ್ಲಿನ ಅತಿಸೂಕ್ಷ್ಮ ಲೋಮನಾಳಗಳ ಗೋಡೆಯನ್ನು ಕೆಡಿಸುತ್ತದೆ. ಗೋಡೆಯು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ರಕ್ತವೂ ನೀರೂ ಜಿನುಗುತ್ತವೆ. ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ಆಮ್ಲಜನಕಕ್ಕಾಗಿ ಹಸಿದ ಪಟಲದಲ್ಲಿ ಹೊಸ ನಾಳಗಳು ಹುಟ್ಟುತ್ತವೆ. ಆದರೆ ಅವು ದುರ್ಬಲವಾದವು. ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗಬಹುದು, ಪಟಲವೇ ಕಿತ್ತು ಬರಬಹುದು. ಇವೆಲ್ಲಕ್ಕಿಂತ ಭಯಂಕರವಾದುದೆಂದರೆ, ಆರಂಭದಲ್ಲಿ ರೋಗಿಗೆ ನೋವೂ ಇರುವುದಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯು ಕೋಟಿಗಳಲ್ಲಿರುವುದರಿಂದ ಇದು ದೂರದ ಮಾತಲ್ಲ.

ಡಾಪ್ಲರ್ ಪರೀಕ್ಷೆಗೆ ರೋಗಿಯನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ರೆಪ್ಪೆಯ ಮೇಲೆ ಲೋಳೆಯಂಥ ಲೇಪವನ್ನು ಹಚ್ಚುತ್ತಾರೆ. ಶೋಧಕವನ್ನು ರೆಪ್ಪೆಯ ಮೇಲೆ ಹಗುರವಾಗಿ ಇರಿಸುತ್ತಾರೆ. ಕಣ್ಣನ್ನು ಒತ್ತಿದರೆ ರಕ್ತದ ಹರಿವೇ ಬದಲಾಗುವುದರಿಂದ ಕೈ ಬಹು ಮೃದುವಾಗಿರಬೇಕು. ಕಣ್ಣು ಸೂಕ್ಷ್ಮವಾದ ಅಂಗವಾದುದರಿಂದ ಧ್ವನಿಯ ಶಕ್ತಿಯನ್ನು ಕಡಿಮೆಯಾಗಿರಿಸಿ, ಪರೀಕ್ಷೆಯನ್ನು ಬೇಗ ಮುಗಿಸಬೇಕು. ಶೋಧಕದಿಂದ ಹೊರಟ ಧ್ವನಿಯು ಸೆಕೆಂಡಿಗೆ 75 ಲಕ್ಷ ಕಂಪನಗಳುಳ್ಳದ್ದೆಂದು ಇಟ್ಟುಕೊಳ್ಳೋಣ. ಶರೀರದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ರಕ್ತಕಣಗಳು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಶೋಧಕದತ್ತ ಬರುತ್ತಿದ್ದರೆ ಪ್ರತಿಧ್ವನಿಯ ಆವೃತ್ತಿಯು ಸುಮಾರು 1000 ಕಂಪನಗಳಷ್ಟು ಹೆಚ್ಚುತ್ತದೆ. ಚಲಿಸುವ ಕಣವು ಧ್ವನಿಯನ್ನು ಪಡೆಯುವಾಗ ಒಮ್ಮೆ, ಹಿಂದಿರುಗಿಸುವಾಗ ಒಮ್ಮೆ, ಹೀಗೆ ಎರಡು ಸಲ ಈ ವ್ಯತ್ಯಾಸವು ಸೇರಿಕೊಳ್ಳುತ್ತದೆ. ಹರಿವು ಓರೆಯಾಗಿದ್ದರೆ ಆ ಕೋನಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಬೇಕು. ಆಶ್ಚರ್ಯದ ಸಂಗತಿಯೆಂದರೆ, ಕಳುಹಿಸಿದ ಧ್ವನಿಯು ನಮಗೆ ಕೇಳಿಸದಿದ್ದರೂ ಈ 1000 ಕಂಪನಗಳ ವ್ಯತ್ಯಾಸವು ನಮ್ಮ ಕಿವಿಗೆ ಕೇಳಿಸುವ ಮಿತಿಯೊಳಗಿದೆ. ಯಂತ್ರವು ಅದನ್ನು ಶಬ್ದವಾಗಿ ಹೊರಡಿಸಬಲ್ಲುದು.

ಯಂತ್ರದ ತೆರೆಯ ಮೇಲೆ ಶೋಧಕದತ್ತ ಬರುವ ರಕ್ತವನ್ನು ಸಾಮಾನ್ಯವಾಗಿ ಕೆಂಪಾಗಿಯೂ ದೂರ ಹೋಗುವುದನ್ನು ನೀಲಿಯಾಗಿಯೂ ತೋರಿಸುತ್ತಾರೆ. ದೃಷ್ಟಿನರದ ತುದಿಯಲ್ಲಿ ಅಪಧಮನಿ ಮತ್ತು ಅಭಿಧಮನಿಗಳು ಕೆಂಪು ಮತ್ತು ನೀಲಿಯ ಜೋಡಿಯಾಗಿ ಕಾಣುತ್ತವೆ. ಡಾಪ್ಲರನು ಬಣ್ಣದಲ್ಲಿ ಚಲನೆಯನ್ನು ಓದಬಯಸಿದ್ದನಲ್ಲವೆ? ಇಲ್ಲಿ ಅದು ಬೇರೊಂದು ಬಗೆಯಲ್ಲಿ ಕೈಗೂಡಿದಂತಾಯಿತು. ಆದರೆ ಈ ಬಣ್ಣಗಳು ಯಂತ್ರವು ಒಪ್ಪಂದದಂತೆ ಹಚ್ಚಿದವು. ಬೆಳಕಿನಲ್ಲಿ ಹತ್ತಿರ ಬರುವುದಕ್ಕೆ ನೀಲಿಯ ಕಡೆಗೆ ಸರಿಯುವುದು ನಿಯಮವಾದರೆ, ಇಲ್ಲಿ ಹತ್ತಿರ ಬರುವುದಕ್ಕೆ ಕೆಂಪನ್ನು ಗೊತ್ತುಮಾಡಿದ್ದಾರೆ.

ಹೃದಯವು ಕುಗ್ಗಿದಾಗ ರಕ್ತದ ವೇಗ ಗರಿಷ್ಠವಾಗಿರುತ್ತದೆ, ಹಿಗ್ಗುವಿಕೆಯ ಕೊನೆಯಲ್ಲಿ ಕನಿಷ್ಠವಾಗಿರುತ್ತದೆ. ಇವೆರಡರ ವ್ಯತ್ಯಾಸವನ್ನು ಗರಿಷ್ಠ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಪ್ರತಿರೋಧ ಸೂಚ್ಯಂಕವೆಂದು ಹೆಸರು. ಗರಿಷ್ಠ ವೇಗ 10, ಕನಿಷ್ಠ ವೇಗ 3 ಆದರೆ ಸೂಚ್ಯಂಕ 0.7. ಮುಂದಿನ ಸಣ್ಣ ನಾಳಗಳು ಮುಚ್ಚಿಕೊಂಡು ಕನಿಷ್ಠ ವೇಗ 2ಕ್ಕೆ ಇಳಿದರೆ ಸೂಚ್ಯಂಕ 0.8ಕ್ಕೆ ಏರುತ್ತದೆ. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಲ್ಲಿ ವೇಗವು ತಗ್ಗಿ ಈ ಸೂಚ್ಯಂಕವು ಏರಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಎಲ್ಲ ಅಧ್ಯಯನಗಳೂ ಒಂದೇ ನಿರ್ಣಯಕ್ಕೆ ಬಂದಿಲ್ಲವೆಂಬುದನ್ನೂ ಮರೆಯಬಾರದು. ನಾಳದ ವ್ಯಾಸವನ್ನು ಈ ಯಂತ್ರವು ನಿಖರವಾಗಿ ಅಳೆಯಲಾರದು. ಆದುದರಿಂದ ರಕ್ತದ ವೇಗ ತಿಳಿಯುವುದೇ ಹೊರತು ಹರಿದ ಒಟ್ಟು ಪ್ರಮಾಣ ತಿಳಿಯದು. ಲೋಮನಾಳಗಳ ಹಾನಿಯನ್ನು ನೇರವಾಗಿ ನೋಡಬೇಕಾದರೆ ಪಾಪೆಯನ್ನು ಅಗಲಗೊಳಿಸಿ ಅಕ್ಷಿಪಟಲವನ್ನೇ ಪರೀಕ್ಷಿಸಬೇಕು. ಡಾಪ್ಲರ್ ಪರೀಕ್ಷೆಯು ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಒಳಗೆ ರಕ್ತ ತುಂಬಿ ಕಣ್ಣಿನೊಳಕ್ಕೆ ಬೆಳಕೇ ಹೋಗದಿರುವಾಗ, ಅಥವಾ ಕತ್ತಿನ ದೊಡ್ಡ ಅಪಧಮನಿಯು ಕಿರಿದಾಗಿ ಕಣ್ಣಿಗೆ ರಕ್ತ ಸಾಲದಿರುವಾಗ, ಧ್ವನಿಯ ಸಹಾಯವು ವಿಶೇಷವಾಗಿ ಒದಗುತ್ತದೆ.

1972ರಲ್ಲಿ ವಿಜ್ಞಾನಿಗಳು ಲೇಸರ್ ಬೆಳಕನ್ನು ಬಳಸಿ ಅಕ್ಷಿಪಟಲದ ರಕ್ತದ ವೇಗವನ್ನು ಅಳೆದ ಪ್ರಯೋಗವನ್ನು ಪ್ರಕಟಿಸಿದರು. ಬೆಳಕಿಗೂ ತನ್ನ ಸೂತ್ರವು ಸಲ್ಲುವುದೆಂಬ ಡಾಪ್ಲರನ ನಂಬಿಕೆಯು ಹೀಗೆ ಕಣ್ಣಿನೊಳಗೂ ನಿಜವಾಯಿತು.

ಡಾಪ್ಲರನು ವೈದ್ಯನಲ್ಲ, ರಕ್ತವನ್ನಾಗಲಿ ಮಧುಮೇಹವನ್ನಾಗಲಿ ಕುರಿತು ಸಂಶೋಧನೆ ಮಾಡಿದವನೂ ಅಲ್ಲ. ನಕ್ಷತ್ರಗಳ ಬಣ್ಣವನ್ನು ವಿವರಿಸಲು ಹೊರಟು ಅದರಲ್ಲಿ ಸೋತವನು. ಆದರೆ ಆ ಸೋಲಿನ ನಡುವೆಯೂ ಆತನ ಸೂತ್ರದ ಸತ್ಯಾಂಶವನ್ನು ಇತರರು ಪರೀಕ್ಷೆಗೊಡ್ಡಿ, ದೋಷವನ್ನು ಕಳೆದು, ಗುಣವನ್ನು ಉಳಿಸಿಕೊಂಡರು. ವಿಜ್ಞಾನವು ಬೆಳೆಯುವ ಬಗೆಯೇ ಇದು. ಮಧುಮೇಹವುಳ್ಳವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆಯಾದರೂ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ವೈದ್ಯರು ಹೇಳಿದರೆ ಇನ್ನೂ ಬೇಗ ಮಾಡಿಸಿಕೊಳ್ಳಬೇಕು. ಹಾನಿಯನ್ನು ಮೊದಲೇ ಕಂಡರೆ ದೃಷ್ಟಿಯನ್ನು ಉಳಿಸುವ ಚಿಕಿತ್ಸೆಗಳು ಇಂದು ಇವೆ. ಸುತ್ತಿಗೆಯನ್ನು ಹಿಡಿಯಲಾರದೆ ಗಣಿತವನ್ನು ಹಿಡಿದ ಆ ದುರ್ಬಲ ದೇಹದ ಮನುಷ್ಯನಿಗೆ ಅನೇಕರ ಕಣ್ಣಿನ ಬೆಳಕು ಇಂದು ಋಣಿಯಾಗಿದೆ.